ಕೆರೆ ದಾಟುವ ಮೊದಲು

ನಾಲ್ವರು ಪೆಟ್ಟಿಗೆಯನ್ನು ಹೆಗಲ ಮೇಲೆ ಕೆರೆಯ ತನಕ ತಂದಿದ್ದರು. ಸ್ಮಶಾನ ಆಚೆ ದಡದಲ್ಲಿ; ಮೊಣಕಾಲುದ್ದದ ನೀರು ಹಾಯ್ದು ಹೋಗಬೇಕು. ಪೆಟ್ಟಿಗೆಯ ಎಡಮೂಲೆ ಮತ್ತೆ ಜಗ್ಗಿತು. ಸತ್ತವರ ಮಗಳ ಕಣ್ಣು ಅಲ್ಲಿ ಹೆಗಲು ಕೊಟ್ಟಿದ್ದ ಬಡಗಿಯ ಕಾಲಿನ ಮೇಲೆ ಬಿತ್ತು.

“ಮಾವ, ಕಾಲಿಗೇನಾಯ್ತು?”

“ಉಳಿ ತಾಗ್ತು ಕಣಮ್ಮ. ನಡಿ, ಹೊತ್ತಾಯ್ತು.”

“ಉಳಿ ತಾಗಿದ್ದಕ್ಕೆ ಕಾಲುಚೀಲ ಯಾಕೆ? ನಿಮ್ಮ ಮದುವೇಲೂ ಹಾಕ್ದೋರಲ್ಲ ನೀವು.”

ಹಿಂದಿದ್ದ ಒಬ್ಬಿಬ್ಬರು ನಕ್ಕು, ತಟ್ಟನೆ ಬಾಯಿ ಮುಚ್ಚಿದರು. ಬಡಗಿ ನಗಲಿಲ್ಲ.

*

ಪೆಟ್ಟಿಗೆಯಲ್ಲಿದ್ದವರನ್ನು ಊರು ಸೋಸೋ ಮೇಷ್ಟ್ರು ಎನ್ನುತ್ತಿತ್ತು. ಪಾಠ ಹೇಳಿದವರಲ್ಲ, ಮನೆಮನೆಗೆ ಬಟ್ಟೆ ಹಂಚಿ, ಕೆರೆನೀರು ಸೋಸಿ ಕುಡಿಯಿರಿ ಎಂದು ಮೂವತ್ತು ವರ್ಷ ಗಂಟಲು ಹರಿದುಕೊಂಡವರು. ನೀರಿನ ಜೊತೆ ಒಳಹೊಕ್ಕ ನಾರುಹುಳ ವರ್ಷ ಕಳೆದು ಕಾಲಿನ ಗುಳ್ಳೆಯೊಡೆದು ಹೊರಬರುತ್ತದೆ. ಆ ಕಾಲು ಕೆರೆಗಿಳಿದರೆ ಸಾಕು, ಹುಳ ಮರಿ ಚೆಲ್ಲುತ್ತದೆ, ಮರುವರ್ಷ ಊರಿಗೆ ಊರೇ ಹಾಸಿಗೆ ಹಿಡಿಯುತ್ತದೆ.

ಒಮ್ಮೆ ಗುಳ್ಳೆಯೆದ್ದ ಹೆಂಗಸೊಬ್ಬಳು ಕೊಡ ಹಿಡಿದು ಕೆರೆಗೆ ಬಂದಾಗ ಅಡ್ಡ ನಿಂತರು.

“ನೀರಿಲ್ದೆ ಮಕ್ಕಳು ಸಾಯ್ಲಾ?” ಎಂದು ಅವಳು ರೇಗಿದಳು.

ಮೇಷ್ಟ್ರು ಕೊಡ ಕಿತ್ತುಕೊಂಡರು. ಇಪ್ಪತ್ತಾರು ದಿನ ಅವಳ ಮನೆಗೆ ತಾವೇ ನೀರು ಹೊತ್ತರು. ದಿನಕ್ಕೆರಡು ಬೆರಳಿನಷ್ಟು ಹುಳವನ್ನು ಕಡ್ಡಿಗೆ ಸುತ್ತುತ್ತಾ, ತುಂಡಾಗದಂತೆ ಹೊರತೆಗೆದರು. ಕಡ್ಡಿ ಹಿಡಿಯಲು ಕಲಿತ ಮಗಳು ಕೊನೆಗೆ ಅದೇ ಕೆಲಸಕ್ಕೆ ಸೇರಿದಳು.

ಮೂರು ವರ್ಷ ಒಬ್ಬರಿಗೂ ಬಾರದಿದ್ದರೆ ರೋಗ ಹೋಯಿತೆಂದು ಸರ್ಕಾರ ಒಪ್ಪುತ್ತದೆ. ಇನ್ನು ನಾಲ್ಕೇ ತಿಂಗಳು ಬಾಕಿಯಿತ್ತು.

*

“ಇಳಿಸಿ,” ಎಂದಳು ಮಗಳು.

ಚಿಕ್ಕಪ್ಪ ಗದರಿದರು. “ಮೊದಲು ಅಣ್ಣನ್ನ ಕಳಿಸೋಣ. ಆಮೇಲೆ ನಿನ್ನ ಡ್ಯೂಟಿ.”

“ಅಪ್ಪ ಆಗಿದ್ರೆ ಈ ಕಾಲನ್ನ ನೀರಿಗೆ ಬಿಡ್ತಿದ್ರಾ, ಚಿಕ್ಕಪ್ಪ?”

ಪೆಟ್ಟಿಗೆ ನೆಲಕ್ಕಿಳಿಯಿತು. ಕಾಲುಚೀಲ ಕಳಚಿದರೆ ಹಿಮ್ಮಡಿಯ ಪಕ್ಕ ಒಡೆದ ಗುಳ್ಳೆ, ಅದರ ಬಾಯಲ್ಲಿ ಬಿಳಿ ದಾರದಂಥ ತುದಿ.

“ಹೋದ ವರ್ಷ ಪರವೂರಿಗೆ ಕೆಲಸಕ್ಕೆ ಹೋದಾಗ ಸೋಸದೆ ಕುಡಿದಿದ್ದೆ,” ಎಂದು ಬಡಗಿ ತಲೆ ತಗ್ಗಿಸಿದ. “ಊರಲ್ಲಿ ಒಂದು ಹುಳಾನೂ ಇಲ್ಲ ಅಂತ ಮೇಷ್ಟ್ರು ನೆಮ್ಮದಿಯಾಗಿ ಕಣ್ಮುಚ್ಚಿದ್ರು. ಮಣ್ಣಾಗೋ ತನಕ ಬಾಯಿ ಬಿಡಬಾರ್ದು ಅಂದ್ಕೊಂಡೆ.”

“ಕೆರೆಗಿಳಿದ್ರಾ?”

“ಇಲ್ಲ. ನಿನ್ನೆ ಒಡೀತು. ಪೆಟ್ಟಿಗೆ ಕೆಲಸ ಬಿಟ್ಟು ಎದ್ದೇ ಇಲ್ಲ.”

ಅವಳು ಆರೋಗ್ಯ ಇಲಾಖೆಗೆ ಫೋನು ಮಾಡಿದಳು. ಆ ಕಡೆಯವರು ಎರಡು ಸಲ ಕೇಳಿದರು. “ಹೌದು ಸಾರ್, ಒಂದು ಕೇಸು. ಮೂರು ವರ್ಷ ಮತ್ತೆ ಮೊದಲಿಂದ ಎಣಿಸ್ಕೊಳ್ಳಿ,” ಎಂದಳು.

ಗಾಯಕ್ಕೆ ಬಟ್ಟೆ ಸುತ್ತಿ, ಎಡಮೂಲೆಗೆ ತಾನೇ ಹೆಗಲು ಕೊಟ್ಟಳು.

ಪೆಟ್ಟಿಗೆ ನೀರಿಗಿಳಿಯಿತು. ದಡದಲ್ಲಿ ಬಡಗಿ ಅಳುತ್ತಾ ಒಂದು ಹೆಜ್ಜೆ ಮುಂದಿಟ್ಟ. ಅವನ ಹೆಂಡತಿ ಹಿಂದಿನಿಂದ ಅಂಗಿಯ ಕೊರಳುಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಪೆಟ್ಟಿಗೆ ಆಚೆ ದಡ ಮುಟ್ಟುವ ತನಕ ಬಿಡಲಿಲ್ಲ.