ಮುನಿಆಂಜನಪ್ಪನ ಕೆಂಪು ಸೀರೆ

ಇಂದಿರಾನಗರದ ನೇಯ್ಗೆ ಮ್ಯೂಸಿಯಮ್ಮಿನಲ್ಲಿ ತನ್ನ ಮನೆಯ ಗುಂಡಿಮಗ್ಗ ನೋಡಿದಾಗ ಮಂಜುಳಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಹಲಸೂರಿನ ಮನೆಯಲ್ಲಿ ಜೇಡರ ಬಲೆ ಹೊದ್ದು ಮಲಗಿದ್ದ ಮಗ್ಗಕ್ಕೆ ಇಲ್ಲಿ ಗ್ರಾನೈಟ್ ನೆಲ ಕೊರೆದು ಗುಂಡಿ ಮಾಡಿದ್ದರು. ಮೇಲೆ ದೀಪ, ಜೊತೆಗೆ ಎ.ಸಿ. ಗಾಳಿ. ಬದುಕಿದ್ದಾಗ ಗಂಡ ಮುನಿಆಂಜನಪ್ಪನಿಗೆ ಒಂದು ಫ್ಯಾನೂ ದಕ್ಕಿರಲಿಲ್ಲ.

ಅವನು ಅರ್ಧಕ್ಕೆ ಬಿಟ್ಟುಹೋದ ಕೆಂಪು ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ನೂಲಿಗೆ ಬಣ್ಣ ಹಾಕಿದವನೂ ಅವನೇ. ಮದುವೆಯಾದ ಹೊಸತರಲ್ಲಿ, ಗಂಡನ ಕೈಯ ಮದರಂಗಿ ತಿಂಗಳಾದರೂ ಮಾಸಲಿಲ್ಲವೆಂದು ಅವಳು ನಾದಿನಿಯರ ಮುಂದೆ ಬೀಗಿದ್ದಳು. ಅದು ಬಣ್ಣದ ಬಾನಿಯ ಕೆಂಪೆಂದು ಹೇಳಿ ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ನೇಕಾರ ಸತ್ತರೆ ಅವನ ಸೀರೆ ಅರ್ಧಕ್ಕೆ ನಿಲ್ಲಬಾರದು, ಮನೆಯವರೊಬ್ಬರು ನೇಯ್ದು ಮುಗಿಸಬೇಕು ಎಂಬುದು ಆ ಮನೆಯ ಪದ್ಧತಿ. ಆದರೆ ಗುಂಡಿಗಿಳಿದು ನೇಯುವವರು ಗಂಡಸರು. ಹೆಂಗಸರದು ಲಾಳಿಗೆ ನೂಲು ಸುತ್ತಿಕೊಡುವ ಕೆಲಸ. ನೇಯುವ ಗಂಡಸು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಮೂರು ವರ್ಷ ಆ ಸೀರೆ ಮಂಜುಳಮ್ಮನ ಎದೆಯ ಮೇಲೆ ಕೂತಿತ್ತು. ಮಗ್ಗವನ್ನು ಮ್ಯೂಸಿಯಮ್ಮಿಗೆ ಕೊಟ್ಟ ಮೇಲೂ ಇಳಿಯಲಿಲ್ಲ.

ಅರ್ಧಕ್ಕೆ ನಿಂತದ್ದೇ ಚೆಂದ, ಬಂದವರಿಗೆ ಅದೇ ಇಷ್ಟ ಎಂದು ಮ್ಯೂಸಿಯಂ ನೋಡಿಕೊಳ್ಳುವ ಪ್ರಿಯದರ್ಶಿನಿ ಹೇಳಿದಳು. ಯಾರೂ ಮುಟ್ಟುವ ಹಾಗಿಲ್ಲ ಎಂದೂ ಹೇಳಿದಳು. ಮಂಜುಳಮ್ಮ ಜಗಳಕ್ಕೆ ಹೋಗಲಿಲ್ಲ.

"ನಾನೇ ಮುಗಿಸ್ತೀನಿ ಕಣಮ್ಮ. ಅವ್ರು ಕಾಯ್ತಾ ಇರ್ತಾರೆ."

ಹುಡುಗಿ ಮಗ್ಗದ ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿದಳು. ರಜೆಯ ದಿನವಾದ ಸೋಮವಾರಗಳಲ್ಲಿ ಬನ್ನಿ ಎಂದಳು.

ಹೀಗೆ ಎಪ್ಪತ್ತರ ಹೊಸ್ತಿಲಲ್ಲಿ ಮಂಜುಳಮ್ಮ ಮೊದಲ ಸಲ ಗುಂಡಿಗಿಳಿದಳು. ಕಿವಿಗೆ ಗೊತ್ತಿದ್ದ ವಿದ್ಯೆ ಕೈಗೆ ಹತ್ತಲಿಲ್ಲ. ಲಾಳಿ ಸಿಕ್ಕಿಕೊಂಡಿತು, ಎಳೆ ಹರಿಯಿತು, ಅಂಚು ಸೊಟ್ಟಪಟ್ಟ ಹರಿದಾಡಿತು. ಗಂಡನ ನೇಯ್ಗೆ ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಯಿತೆಂದು ಕುರುಡರೂ ತಡವಿ ಹೇಳಬಹುದಿತ್ತು.

ಮುನಿಆಂಜನಪ್ಪ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು. ಸೊಟ್ಟ ನೇಯ್ಗೆ ಕಂಡರೆ, ಹೆತ್ತಪ್ಪನದಾದರೂ ಸರಿ, ಬಿಚ್ಚು ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಸೀರೆ ಮುಗಿದ ಸೋಮವಾರ ಮಂಜುಳಮ್ಮ ಗುಂಡಿಯಲ್ಲೇ ಕೂತು ಆ ಕೂಗಿಗೆ ಕಾದಳು. ಯಾರೂ ಕೂಗಲಿಲ್ಲ. ಸಾವಿನ ಮನೆಯಲ್ಲಿ ಬಾರದ ಅಳು ಆಗ ಬಂತು.

ಪ್ರಿಯದರ್ಶಿನಿ ಓಡಿ ಬಂದು ಭುಜ ಹಿಡಿದಳು. ಸೀರೆ ತುಂಬಾ ಚೆನ್ನಾಗಿ ಬಂದಿದೆ ಎಂದು ಸಮಾಧಾನ ಮಾಡಿದಳು.

"ಚೆನ್ನಾಗಿಲ್ಲ ಕಣೆ," ಎಂದಳು ಮಂಜುಳಮ್ಮ. "ಬಿಚ್ಚು ಅನ್ನೋರಿಲ್ಲ, ಅಷ್ಟೇ."