ಗೆರೆಯಕ್ಕ ಮತ್ತು ಹನ್ನೊಂದು ಸಾಲಿನ ಕೌದಿ

ಗೆರೆಯಕ್ಕನ ಬಲಗೈಯ ತೋರುಬೆರಳು ತೆಪ್ಪಗಿದ್ದದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಅದು ಬಳ್ಳಿ ಬರೆಯುತ್ತದೆ. ಆಸ್ಪತ್ರೆಯ ಬೆಂಚಿನಲ್ಲಿ ಸರದಿಗಾಗಿ ಕಾಯುವಾಗ ಒಡತಿಯ ಮೊಣಕಾಲ ಮೇಲೆಯೇ ಅಲೆ ಎಬ್ಬಿಸುತ್ತದೆ. ಎದುರಿನವರ ಮಾತು ಉದ್ದವಾದರೆ ಗಾಳಿಯಲ್ಲಿ ಒಂದು ನವಿಲುಗರಿಯನ್ನು ಮೂಡಿಸಿ, ಅದರ ತುದಿಯನ್ನು ಸುರುಳಿ ಸುತ್ತಿ, ಮಾತು ಮುಗಿಯುವ ಶುಭಗಳಿಗೆಯನ್ನು ಕಾಯುತ್ತ ಅಲ್ಲೇ ತೇಲುತ್ತದೆ. ಒಮ್ಮೆ ಬಸ್ಸಿನಲ್ಲಿ ಮುಂದೆ ನಿಂತಿದ್ದ ಸ್ಥೂಲಕಾಯದ ಮಹಿಳೆಯೊಬ್ಬರು ತಟ್ಟನೆ ತಿರುಗಿ, "ಏನ್ರೀ ಅದು, ನನ್ನ ಬೆನ್ನ ಮೇಲೆ?" ಎಂದು ಗದರಿದಾಗ, ಗೆರೆಯಕ್ಕ ಕಿಂಚಿತ್ತೂ ವಿಚಲಿತರಾಗದೆ, "ತಪ್ಪು ತಿಳೀಬೇಡಿ ತಾಯಿ, ಇಷ್ಟು ಅಗಲ ಜಾಗ ಸಿಗೋದೇ ಅಪರೂಪ. ಮೂಲೆ ಹೇಗೆ ತಿರುಗಿಸೋದು ಅಂತ ನೋಡ್ತಿದ್ದೆ" ಎಂದರಂತೆ. ಮುಂದಿನ ನಿಲ್ದಾಣದಲ್ಲೇ ಇಳಿಯಬೇಕಾಗಿ ಬಂದ ಸಂಗತಿಯನ್ನು ಅವರು ಹೇಳಲಿಲ್ಲ. ಜೊತೆಯಲ್ಲಿದ್ದ ನನ್ನ ಹೆಂಡತಿ ಹೇಳಿದಳು.

ಕೌದಿಗೆ ಡಿಸೈನು ಆರಿಸಿ ಹೊಲಿದುಕೊಡುವುದು ಅವರ ವೃತ್ತಿ. ಜನ ಮನೆಯಲ್ಲಿ ತಿಂಗಳುಗಟ್ಟಲೆ ಕೂತು, ತುಂಡುಬಟ್ಟೆಗಳನ್ನು ಕೈಯಲ್ಲೇ ಜೋಡಿಸಿ, ಕೌದಿಯ ಮೇಲ್ಪದರವನ್ನಷ್ಟೇ ಮಾಡಿ ತರುತ್ತಾರೆ. ಅದರ ಕೆಳಗೆ ಹತ್ತಿಯ ಹಾಸು, ಅದರ ಕೆಳಗೆ ಅಸ್ತರು. ಈ ಮೂರನ್ನೂ ಕೋಣೆಯ ಮುಕ್ಕಾಲು ಪಾಲು ನುಂಗಿ ಕೂತಿರುವ ಒಂದು ಚೌಕಟ್ಟಿಗೆ ಬಿಗಿದು, ಹಳಿಯ ಮೇಲೆ ಓಡಾಡುವ ಮೆಷಿನ್ನಿನಿಂದ ಒಂದಾಗಿ ಹೊಲಿಯಬೇಕು. ಹೊಲಿಯುವುದು ಮೆಷಿನ್ನಿನ ಕೆಲಸ. ಯಾವ ಗೆರೆಯಲ್ಲಿ ಹೊಲಿಯಬೇಕೆಂದು ನಿಶ್ಚಯಿಸುವುದು ಗೆರೆಯಕ್ಕನ ಕೆಲಸ. ಆ ಗೆರೆ ಬೇಡ, ಬೇರೆಯದು ಬೇಕು ಎನ್ನುವುದು ತಂದವರ ಕೆಲಸ. ಚೌಕಟ್ಟಿಗೂ ಗೋಡೆಗೂ ನಡುವೆ ಉಳಿದ ಒಂದು ಗೇಣು ಜಾಗದಲ್ಲಿ ಇಪ್ಪತ್ತು ವರ್ಷ ಅಡ್ಡಡ್ಡ ಸರಿದಾಡಿದ ಫಲವಾಗಿ ಅವರು ಬಯಲಿನಲ್ಲೂ ಒಂದು ಭುಜ ಮುಂದುಮಾಡಿಯೇ ನಡೆಯುತ್ತಾರೆ. ಎದುರಿಗೆ ಬಂದವರು ತಮಗೇ ದಾರಿ ಬಿಡುತ್ತಿದ್ದಾರೆಂದು ಭಾವಿಸಿ ಉಬ್ಬುತ್ತಾರೆ. ಮೈಮೇಲೆ ಸದಾ ಒಂದು ಬೂದುಬಣ್ಣದ ಹಳೇ ಕೋಟು, ಅದರ ಎದೆಯ ತುಂಬ ಗುಂಡುಸೂಜಿ. ಪರಮ ಆತ್ಮೀಯರೂ ಅವರನ್ನು ಅಪ್ಪಿಕೊಳ್ಳುವ ಸಾಹಸಕ್ಕೆ ಕೈಹಾಕುವುದಿಲ್ಲ.

ಬಂದವರು ಫೋನಿನಲ್ಲಿ ಹತ್ತಾರು ಚಿತ್ರ ತೋರಿಸಿ, ಇದು ಬೇಕು, ಅಲ್ಲಲ್ಲ ಇದು, ಎನ್ನುತ್ತಿದ್ದರೆ, ಗೆರೆಯಕ್ಕ ಎಲ್ಲವನ್ನೂ ವಿನಯದಿಂದ ನೋಡಿ, "ಅದಿರಲಿ, ಹೊದೆಯೋರು ಯಾರು?" ಎಂದು ಕೇಳುತ್ತಾರೆ. "ಅದಿರಲಿ" ಎಂಬ ಆ ಒಂದು ಮಾತಿನಲ್ಲಿ ಅದುವರೆಗಿನ ಚಿತ್ರಗಳೆಲ್ಲ ಮುಳುಗಿಹೋಗುತ್ತವೆ.

"ಹೊದೆಯೋಕಲ್ಲ ಅಕ್ಕಾ, ಸೋಫಾ ಮೇಲೆ ಹಾಕೋಕೆ. ನೆಂಟರು ನೋಡಲಿ ಅಂತ."

"ಹಾಗಾದ್ರೆ ನೆಂಟರನ್ನೇ ಕರ್ಕೊಂಡು ಬಾ. ಅವರೇ ಆರಿಸಲಿ."

ಅವರ ಶಾಸ್ತ್ರ ಸರಳ. ಹೊಲಿಗೆ ಕಡಿಮೆಯಾದರೆ ಹತ್ತಿ ಸರಿದು ಮೂಲೆ ಸೇರುತ್ತದೆ. ಹೆಚ್ಚಾದರೆ ಕೌದಿ ಹಲಗೆಯಾಗುತ್ತದೆ. ಕೌದಿಯ ಮೇಲೆ ಪ್ಲಾಸ್ಟಿಕ್ಕಿನ ಪಾರದರ್ಶಕ ಹಾಳೆಯೊಂದನ್ನು ಹಾಸಿ, ಅದರ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಹಿಂದಕ್ಕೆ ಸರಿದು ತಲೆ ಓರೆ ಮಾಡಿ ನೋಡುವಾಗ ಅವರ ಮುಖದಲ್ಲಿ ಸಂಬಂಧ ಕುದುರಿಸುವ ಸೋದರತ್ತೆಯ ಗಾಂಭೀರ್ಯವಿರುತ್ತದೆ. ನನ್ನ ಲಲಿತಪ್ರಬಂಧಗಳ ಪುಸ್ತಕವನ್ನು ಒಮ್ಮೆ ಅವರಿಗೆ ಕೊಟ್ಟಿದ್ದೆ. ತಿಂಗಳಾದ ಮೇಲೆ ಹಿಂತಿರುಗಿಸುತ್ತ, "ಬಟ್ಟೆ ಚೆನ್ನಾಗಿದೆ ಸಾಹಿತಿಗಳೇ, ಹೊಲಿಗೆ ಸ್ವಲ್ಪ ಜಾಸ್ತಿಯಾಯ್ತು" ಎಂದರು. ನನ್ನ ಕೃತಿಗಳ ಬಗ್ಗೆ ಬಂದ ವಿಮರ್ಶೆಗಳಲ್ಲಿ ಅರ್ಥವಾದದ್ದು ಅದೊಂದೇ.

ಇಂಥ ಗೆರೆಯಕ್ಕ ಒಂದು ಸಲ ಎಡವಿದರು.

ಬೋರ್ಡು ಬರೆಯುವ ಯಜಮಾನರೊಬ್ಬರಿದ್ದರು. ಊರಿನ ಅರ್ಧ ಅಂಗಡಿಗಳ ಹಣೆಬರಹ ಬರೆದವರು. ಏಣಿಯ ಮೇಲೆ ನಿಂತು, ಉಸಿರು ಹಿಡಿದು, ಒಂದೇ ಎಳೆತಕ್ಕೆ ಮಾರುದ್ದದ ಗೆರೆ ಎಳೆಯುತ್ತಿದ್ದ ಕೈ ಅದು. ಪಾರ್ಶ್ವವಾಯು ಬಡಿದು ಆ ಕೈಯೇ ನಡುಗತೊಡಗಿತು. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೆ, ಹಾಸಿಗೆಯ ಮೇಲೆ ಕೂತು, ತೊಡೆಯಗಲದ ಜಾಗದಲ್ಲಿ, ತುಂಡುಬಟ್ಟೆಗಳನ್ನು ಸಾಲುಸಾಲಾಗಿ ಜೋಡಿಸಿದರು. ಹನ್ನೊಂದು ತಿಂಗಳಿಗೆ ಹನ್ನೊಂದು ಸಾಲಾಯಿತು. ಅದನ್ನು ಮಡಚಿ ಎದೆಗವಚಿಕೊಂಡು ಅವರು ಬಂದಾಗ, ಹೆಂಡತಿಯ ಕೌದಿಯೊಂದನ್ನು ಹೊತ್ತು ತಂದ ಕೂಲಿಯಾಗಿ ನಾನೂ ಅಲ್ಲೇ ಸ್ಟೂಲಿನ ಮೇಲಿದ್ದೆ.

"ಒತ್ತೊತ್ತಾಗಿ ಗರಿಯ ಡಿಸೈನು ತುಂಬಿಸಿಬಿಡಿ ತಾಯಿ. ನನ್ನ ಹೊಲಿಗೆ ಕಾಣ್ಲೇಬಾರದು."

"ಅದಿರಲಿ, ಹೊದೆಯೋರು ಯಾರು?"

"ಮಗಳಿಗೆ ದಿನ ತುಂಬ್ತಾ ಬಂದಿದೆ. ಹುಟ್ಟೋ ಕೂಸಿಗೆ."

"ಕೂಸಿಗೆ ಹಲಗೆ ಹೊದಿಸ್ತೀರಾ ಯಜಮಾನ್ರೇ?"

ಯಜಮಾನರು ಮಡಿಕೆಯ ಒಂದು ಮೂಲೆ ಬಿಡಿಸಿ ಹೊಲಿಗೆ ತೋರಿಸಿದರು. ಆಮೇಲೆ, ಮಗಳು ಫೋನಿನಲ್ಲಿ ಗೆಳತಿಯ ಹತ್ತಿರ ಆಡಿದ ಮಾತು ತಮ್ಮ ಕಿವಿಗೆ ಬಿದ್ದದ್ದನ್ನು ಹೇಳಿದರು. ಅಪ್ಪನ ಕೈಗೆ ಮಗು ಕೊಡೋಕೆ ನಂಗೆ ಭಯ ಕಣೇ, ಅಂದಿದ್ದಳಂತೆ. "ಈ ಸೊಟ್ಟ ಹೊಲಿಗೆ ನೋಡಿದ್ರೆ ಆ ಭಯ ಇನ್ನೂ ಗಟ್ಟಿಯಾಗುತ್ತೆ, ಅಲ್ವಾ? ಹಲಗೆ ಆದ್ರೂ ಚಿಂತೆಯಿಲ್ಲ. ಮುಚ್ಚಿಬಿಡಿ."

ಅವರು ಹೋದ ಮೇಲೆ ಗೆರೆಯಕ್ಕ ಒಂದು ವಾರ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ಅಳಿಸಿದರು. ಗರಿ ಹೊಲಿಯಲು ಮನಸ್ಸು ಒಪ್ಪದು; ಬೇಡವೆನ್ನಲು ನಾಲಗೆ ಏಳದು. ಎಂಟನೆಯ ದಿನ ಅವರಿಗೆ ಒಂದು ಉಪಾಯ ಹೊಳೆಯಿತು, ಉಪಾಯವೇನೋ ಮಹಾ ಜಾಣತನದ್ದೇ: ಯಜಮಾನರ ಸೊಟ್ಟಕ್ಕೆ ತಮ್ಮ ಸೊಟ್ಟವನ್ನು ಜೊತೆಗೂಡಿಸುವುದು. ಅವರ ಹೊಲಿಗೆ ಎಲ್ಲೆಲ್ಲಿ ನಡುಗಿದೆಯೋ ಅಲ್ಲೆಲ್ಲ ಮೆಷಿನ್ನಿನ ಗೆರೆಯೂ ಪಕ್ಕದಲ್ಲೇ ನಡುಗುತ್ತ ಹೋದರೆ, ನೋಡಿದವರಿಗೆ ಎಲ್ಲವೂ ಬೇಕೆಂತಲೇ ಮಾಡಿದಂತೆ, ನೀರಿನ ತೆರೆಯಂತೆ ಕಾಣುತ್ತದೆ! ಎರಡು ಸಾಲು ಹೊಲಿದು ನನ್ನನ್ನು ಕರೆದು ತೋರಿಸಿದರು. ನಾನು "ಅದ್ಭುತ" ಎಂದೆ. ನಾನು ಹಾಗೆಂದ ಕೂಡಲೇ ಅವರು ಎಚ್ಚೆತ್ತುಕೊಳ್ಳಬೇಕಿತ್ತು.

ಯಜಮಾನರು ಬಂದು ಚೌಕಟ್ಟಿನ ಮೇಲೆ ಬಾಗಿದರು. ಆ ತೆರೆಗಳ ಮೇಲೆ ಬೆರಳಾಡಿಸಿದರು. ಗೆರೆ ನಡುಗುತ್ತಿತ್ತು, ಬೆರಳೂ ತುಸು ನಡುಗುತ್ತಿತ್ತು.

"ನನ್ನ ಕೈ ನಡುಗುತ್ತೆ, ಸರಿ. ನಿಮ್ಮ ಮೆಷಿನ್ನಿಗೆ ಏನು ಬಂದಿದೆ ರೋಗ?"

"ಯಜಮಾನ್ರೇ, ಅದು ನಿಮಗೆ ಜೊತೆಯಾಗಿರಲಿ ಅಂತ..."

"ಕುಂಟನ ಹಿಂದೆ ಕುಂಟಿಕೊಂಡು ಹೋಗೋರನ್ನ ಜೊತೆಗಾರರು ಅಂತಾರಾ ತಾಯಿ? ಬಿಚ್ಚಿಡಿ. ನಾಲ್ಕು ದಿನ ಬಿಟ್ಟು ಬರ್ತೀನಿ. ಹಾಗೇ ತಗೊಂಡು ಹೋಗ್ತೀನಿ."

ಧ್ವನಿ ಏರಿರಲಿಲ್ಲ. ಏರಿದ್ದರೆ ಗೆರೆಯಕ್ಕ ಉತ್ತರ ಕೊಡುತ್ತಿದ್ದರು, ಆ ವಿದ್ಯೆಯಲ್ಲಿ ಅವರು ಯಾರಿಗೂ ಕಡಿಮೆಯಲ್ಲ.

ಮೆಷಿನ್ನು ಒಂದು ಗಂಟೆಯಲ್ಲಿ ಹೊಲಿದದ್ದನ್ನು ಬಿಚ್ಚಲು ಮನುಷ್ಯರಿಗೆ ಮೂರು ದಿನ ಬೇಕು. ಒಂದೊಂದೇ ಹೊಲಿಗೆಯನ್ನು ಕತ್ತರಿಸಿ, ದಾರ ಹೆಕ್ಕಿ, ಸೂಜಿ ಬಿಟ್ಟ ತೂತುಗಳ ಮೇಲೆ ಒದ್ದೆಬಟ್ಟೆಯಿಟ್ಟು ಉಗುರಿನಿಂದ ತೀಡಿ ಮುಚ್ಚಿದರು. ನಾಲ್ಕನೆಯ ದಿನ ನನ್ನನ್ನು ಮತ್ತೆ ಕರೆಸಿಕೊಂಡರು. ಈ ಸಲ ಅಭಿಪ್ರಾಯಕ್ಕಲ್ಲ, ಎತ್ತರಕ್ಕೆ. ಅದರ ಹೊರತು ನನ್ನಲ್ಲಿ ಉಪಯುಕ್ತವಾದದ್ದು ಏನೂ ಇಲ್ಲವೆಂದು ನನ್ನ ಹೆಂಡತಿ ಅವರಿಗೆ ಮೊದಲೇ ಹೇಳಿದ್ದಳು. ಕೌದಿಯ ಮೇಲ್ಪದರವನ್ನು ಗೋಡೆಗೆ ತೂಗುಹಾಕಿದೆವು. ಬಿಚ್ಚುವ ಭರದಲ್ಲಿ ಬಟ್ಟೆ ಜಗ್ಗಿದೆಯೋ ಎಂದು ಪರೀಕ್ಷಿಸಲು, ಗೆರೆಯಕ್ಕ ಈ ಅಂಚಿನಿಂದ ಆ ಅಂಚಿಗೆ, ಪ್ರತಿ ಸಾಲಿನ ಕೆಳಗಿನ ಹೊಲಿಗೆಯ ನೇರಕ್ಕೆ, ಬಿಳಿ ದಾರವನ್ನು ಬಿಗಿಯಾಗಿ ಎಳೆದು ಗುಂಡುಸೂಜಿ ಚುಚ್ಚಿದರು. ಹನ್ನೊಂದನೆಯ ದಾರ ಎಳೆದು ಮುಗಿಸುವಷ್ಟರಲ್ಲಿ ಯಜಮಾನರು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವರು ತಮ್ಮ ಕೌದಿಯನ್ನು ಪೂರ್ತಿ ನೋಡಿದ್ದು ಅದೇ ಮೊದಲು. ತೊಡೆಯ ಮೇಲೆ ಹೊಲಿಯುವವರಿಗೆ ತೊಡೆಯ ಮೇಲಿರುವಷ್ಟೇ ಕಾಣುತ್ತದೆ.

"ಈ ದಾರ ಯಾಕೆ?"

"ಬಟ್ಟೆ ನೆಟ್ಟಗಿದೆಯಾ ಅಂತ ನೋಡೋಕೆ. ಈಗ ತೆಗೆದುಬಿಡ್ತೀನಿ."

"ತೆಗೀಬೇಡಿ."

ಹತ್ತಿರ ಬಂದು, ಮೇಲಿನಿಂದ ಕೆಳಕ್ಕೆ, ತಾವೇ ಬರೆದ ಹಳೆಯ ಬೋರ್ಡೊಂದನ್ನು ಓದುವವರಂತೆ ಓದತೊಡಗಿದರು. "ಇದು ಆಸ್ಪತ್ರೆಯಿಂದ ಬಂದ ತಿಂಗಳು." ಅಲ್ಲಿ ಹೊಲಿಗೆ ದಾರವನ್ನು ಬಿಟ್ಟು ಎರಡು ಬೆರಳಿನಷ್ಟು ಆಚೀಚೆ ಅಲೆದಿತ್ತು. "ಇದು ಮಳೆಗಾಲ, ಮತ್ತೆ ಜ್ವರ ಬಂದಿತ್ತು." ಐದನೆಯ ಸಾಲಿನಲ್ಲಿ ಅಲೆತ ಒಂದು ಬೆರಳಿಗಿಳಿದಿತ್ತು, ಎಂಟನೆಯದರಲ್ಲಿ ಅರ್ಧಕ್ಕೆ. ಕೊನೆಯ ಸಾಲನ್ನು ನೋಡಲು ಅವರು ಗೋಡೆ ಹಿಡಿದು ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತರು. ಅಲ್ಲಿ ದಾರ ಯಾವುದು, ಹೊಲಿಗೆ ಯಾವುದು ಎಂದು ಬೇರೆ ಮಾಡಲು ಕನ್ನಡಕ ಬೇಕಾಗಿತ್ತು.

"ಅಕ್ಷರ ಬರೆಯೋ ಮುಂಚೆ ನಾವು ನೆಟ್ಟಗೆ ಗೆರೆ ಮೂಡಲಿ ಅಂತ ಸುಣ್ಣದ ದಾರ ಹೊಡೀತೀವಿ ತಾಯಿ. ಅಕ್ಷರ ಎಷ್ಟು ಕುಣೀತು ಅನ್ನೋದು ಆ ಗೆರೆಗೇ ಗೊತ್ತು." ಕೂತಲ್ಲಿಂದಲೇ ತಿರುಗಿದರು. "ಇದನ್ನೇ ಹೊಲೀರಿ. ದಾರ ಎಲ್ಲಿದೆಯೋ ಅಲ್ಲಿ, ನೆಟ್ಟಗೆ. ಬೇರೇನೂ ಬೇಡ."

"ಹಾಗೆ ಹೊಲಿದ್ರೆ ಮೇಲಿನ ಸಾಲೆಲ್ಲ ಎದ್ದು ಕಾಣುತ್ತೆ ಯಜಮಾನ್ರೇ."

"ಕಾಣ್ಲಿ. ಕೆಳಗಿನ ಸಾಲೂ ಕಾಣುತ್ತಲ್ಲ?"

ಗೆರೆಯಕ್ಕ ಹನ್ನೊಂದು ನೇರ ಗೆರೆ ಹೊಲಿದರು, ನಡುವೆ ಹತ್ತಿ ಸರಿಯದಿರಲೆಂದು ಇನ್ನೂ ಹನ್ನೊಂದು. ಇಪ್ಪತ್ತು ವರ್ಷಗಳಲ್ಲಿ ಅಷ್ಟು ಬಡ ಡಿಸೈನು ಅವರ ಮೆಷಿನ್ನಿನಿಂದ ಹೊರಬಿದ್ದಿರಲಿಲ್ಲ. ಅಷ್ಟು ಕಷ್ಟದ ಡಿಸೈನೂ ಇನ್ನೊಂದಿರಲಿಲ್ಲವಂತೆ; ಮೂಲೆ ಬಂದಾಗಲೆಲ್ಲ ಒಂದು ಪುಟ್ಟ ಎಲೆಯನ್ನಾದರೂ ಇಡೋಣವೆಂದು ಕೈ ಬೇಡುತ್ತಿತ್ತಂತೆ. ಇಡಲಿಲ್ಲ.

ಮಗು ಹುಟ್ಟಿ ಮೂರು ವಾರವಾದ ಮೇಲೆ ಯಜಮಾನರು ಬಂದರು. ಮಗಳು ಕೌದಿ ಬಿಡಿಸಿದವಳು, ಮೊದಲನೆಯ ಸಾಲು ಯಾವುದಪ್ಪಾ ಎಂದು ಕೇಳಿದಳಂತೆ; ಇವರು ತೋರಿಸಿದರಂತೆ; ಅವಳು ಆ ಗೆರೆ ಹಿಡಿದು ಒಂದೊಂದೇ ಸಾಲು ಇಳಿಯುತ್ತ ಹೋಗಿ, ಕೊನೆಯದರ ಮೇಲೆ ಬಹಳ ಹೊತ್ತು ಕೈಯಿಟ್ಟುಕೊಂಡು ಕೂತಳಂತೆ.

"ಆಮೇಲೆ?" ಎಂದರು ಗೆರೆಯಕ್ಕ.

"ಕೂಸನ್ನ ನನ್ನ ಕೈಗೆ ಕೊಟ್ಟಳು ಕಣಮ್ಮಾ."

ಇನ್ನೊಬ್ಬರು ಆರಂಭಿಸಿದ ಕೆಲಸವನ್ನು ಮುಗಿಸಿಕೊಡುವ ಒಂದು ಜನವರ್ಗವಿದೆ: ಕೌದಿ ಹೊಲಿಯುವವರು, ಚಿತ್ರಕ್ಕೆ ಚೌಕಟ್ಟು ಕಟ್ಟುವವರು, ನನ್ನಂಥವರ ಬರಹವನ್ನು ತಿದ್ದಿ ಅಚ್ಚಿಗೆ ಕಳಿಸುವ ಪುಣ್ಯಾತ್ಮರು. ಇವರ ಹೆಸರು ಎಲ್ಲಿಯೂ ಬರುವುದಿಲ್ಲ, ದೂರು ಮಾತ್ರ ತಪ್ಪದೆ ಬರುತ್ತದೆ. ಇವರಲ್ಲಿ ಅಳ್ಳೆದೆಯವರು ಹೇಳಿದ್ದಷ್ಟನ್ನೇ ಮಾಡುತ್ತಾರೆ. ಜಾಣರು ಹೇಳದೆ ಇದ್ದದ್ದನ್ನೂ ಮಾಡಿ ಬೀಗುತ್ತಾರೆ. ದೊಡ್ಡವರು ಆ ಜಾಣತನವನ್ನು ಒಮ್ಮೆಯಾದರೂ ಹೊಲಿಗೆ ಹೊಲಿಗೆಯಾಗಿ ಬಿಚ್ಚಿದವರು. ಕಲಿತ ವಿದ್ಯೆಯನ್ನು ತೋರಿಸುವುದು ಹೇಗೆಂದು ಗುರುಗಳು ಹೇಳಿಕೊಡುತ್ತಾರೆ. ಎಲ್ಲಿ ತೋರಿಸಬಾರದೆಂದು ತಿಳಿಯಲು ಒಬ್ಬ ನೊಂದ ಗಿರಾಕಿಯೇ ಬೇಕು.