ಸೀಟಿ ಊದುವವಳ ಮೂಗು

ಒಬ್ದುಲಿಯಾಳ ಕೊರಳಲ್ಲಿ ಎರಡು ವಸ್ತುಗಳು ತೂಗುತ್ತಿದ್ದವು: ಮೇರಿ ಮಾತೆಯ ಪದಕ ಒಂದು, ಹಿತ್ತಾಳೆಯ ಸೀಟಿ ಒಂದು. ಸ್ನಾನಕ್ಕೆ ಹೋಗುವಾಗ ಪದಕವನ್ನು ತೆಗೆದಿಡುತ್ತಿದ್ದಳು, ಸೀಟಿಯನ್ನಲ್ಲ.

ಸ್ಪೇನ್ ದೇಶದ ಗಲೀಸಿಯಾ ಕರಾವಳಿಯ ಆ ಪುಟ್ಟ ಕೊಲ್ಲಿಯಲ್ಲಿ ನೀರು ಇಳಿದಾಗ ಮರಳು ಕೆದಕಿ ಕಪ್ಪೆಚಿಪ್ಪು ಹೆಕ್ಕುವ ಹೆಂಗಸರು, ಅವಳೂ ಸೇರಿ, ಇಪ್ಪತ್ತಮೂರು ಜನ. ಅವರಿಗೆಲ್ಲ ಆ ಸೀಟಿಯೇ ಕಾನೂನು. ಅದು ಕೇಳುವ ತನಕ ಒಬ್ಬಳೂ ಮರಳಿಗೆ ಇಳಿಯುವಂತಿಲ್ಲ, ಮತ್ತೊಮ್ಮೆ ಕೇಳುವ ತನಕ ಒಬ್ಬಳೂ ದಡಕ್ಕೆ ಬರುವಂತಿಲ್ಲ. ಗಂಡನನ್ನು ಬಿಟ್ಟು ಬಂದವಳನ್ನು ಆ ಊರು ಕ್ಷಮಿಸಿದ್ದುಂಟು, ಸೀಟಿಗೆ ಮೊದಲು ಎದ್ದವಳನ್ನು ಕ್ಷಮಿಸಿದ್ದಿಲ್ಲ.

ಇಂಥ ಅಧಿಕಾರ ನಡೆಸುವವಳಿಗೆ ಒಂದು ಗುಟ್ಟಿತ್ತು. ಒಬ್ದುಲಿಯಾಳಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಎಣ್ಣೆಯ ಹಡಗೊಂದು ದೂರದ ಕಡಲಲ್ಲಿ ಒಡೆದು, ಕರಾವಳಿಗೆಲ್ಲ ಕರಿ ಅಂಟು ಬಂದು ಬಿದ್ದಿತ್ತು. ಮಾಸ್ಕು, ಕೈಗವಸು ಬರುವ ತನಕ ಕಾಯಲು ಯಾರಿಗೆ ವ್ಯವಧಾನವಿತ್ತು? ಚಿಪ್ಪುಗಳು ಸಾಯುತ್ತಿದ್ದವು. ಹೆಂಗಸರು ಅಡುಗೆಮನೆಯ ಸೌಟು, ಬಕೆಟ್ಟು ಹಿಡಿದು ಬರಿಗೈಯಲ್ಲೇ ಇಳಿದರು. ಸಂಜೆ ಪೆಟ್ರೋಲಿನಲ್ಲಿ ಕೈ ಉಜ್ಜಿಕೊಂಡು, ಅದೇ ಕೈಯಲ್ಲಿ ಬ್ರೆಡ್ಡು ಮುರಿದು ತಿಂದರು. ತಿಂಗಳುಗಟ್ಟಲೆ ತಲೆನೋವು, ವಾಂತಿ, ಕೆಮ್ಮು. ಉಳಿದವರ ಕೆಮ್ಮು ಹೋಯಿತು, ಒಬ್ದುಲಿಯಾಳ ಮೂಗು ಹೋಯಿತು. ಮೊದಲು ನೆಗಡಿ ಅಂದುಕೊಂಡಳು. ಎರಡು ವರ್ಷದ ನೆಗಡಿ ಎಲ್ಲಾದರೂ ಉಂಟೇ? ಅಷ್ಟರಲ್ಲಿ ಸೀಟಿ ಅವಳ ಕೈಗೆ ಬಂದಿತ್ತು. ಗುಟ್ಟು ಹೊರಗೆ ಬಿದ್ದರೆ ಸೀಟಿ ಕಿತ್ತುಕೊಳ್ಳುತ್ತಾರೆ, ಮರಳಿನಿಂದಲೇ ಎಬ್ಬಿಸಿ ಮನೆಗೆ ಕಳಿಸುತ್ತಾರೆ ಎಂದು ಅವಳಿಗೆ ಎದೆ ಒಡೆಯುವಷ್ಟು ಭಯ. ಬಾಯಿ ಮುಚ್ಚಿಕೊಂಡಳು.

ತಾನು ಬಹಳ ಜಾಣೆ ಎಂದೂ ಅಂದುಕೊಂಡಳು. ಒಲೆಯ ಮೇಲೆ ಸಾರು ತಳ ಹಿಡಿಯುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ದೋಸಿಂದಾ ಕಿಟಕಿಯ ಹತ್ತಿರ ಹಾದುಹೋಗುತ್ತ, "ಲೇ ಒಬ್ದುಲಿಯಾ, ಒಲೆ ಕಡೆ ನೋಡೇ!" ಎನ್ನುತ್ತಿದ್ದಳು. ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಸೊಸೆ ಸಬೇಲಾ ತಾನೇ ತೆರೆಯುತ್ತಿದ್ದಳು. ಚಿಪ್ಪು ಹೆಕ್ಕಿ ಬಂದು ಸಂತೆಯಲ್ಲಿ ಮೀನು ಮಾರುವ ಜೊತೆಗಾರ್ತಿ ಕೇಳದೆಯೇ ತಾಜಾ ಮೀನು ಕಟ್ಟಿಕೊಡುತ್ತಿದ್ದಳು. ಇದನ್ನೆಲ್ಲ ಒಬ್ದುಲಿಯಾ ಅದೃಷ್ಟದ ಲೆಕ್ಕಕ್ಕೆ, ಮರ್ಯಾದೆಯ ಲೆಕ್ಕಕ್ಕೆ ಹಾಕಿಕೊಂಡಿದ್ದಳು.

ಆ ವರ್ಷ ಆರೋಗ್ಯ ಕೇಂದ್ರದ ನರ್ಸ್ ಇರಿಯಾ ಈ ಹೆಂಗಸರ ಸಂಘದ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಮತ್ತೆ ಎಣ್ಣೆ ಬಂದರೆ ಏನು ಮಾಡಬೇಕು ಎಂಬ ಪಟ್ಟಿ. ಚಿಪ್ಪು ಉಳಿಸುವುದು ಆಮೇಲೆ, ಮೊದಲು ಎದ್ದು ಗಾಳಿ ಬೀಸಿ ಬರುವ ಕಡೆಗೆ ನಡೆಯಬೇಕು, ಮಾಸ್ಕು ಹಾಕದೆ ಮರಳಿಗೆ ಹಿಂದಿರುಗಬಾರದು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ: 'ವಾಸನೆ ಬಂದ ಕೂಡಲೇ ಮುಖ್ಯಸ್ಥೆ ಮೂರು ಸಲ ಸೀಟಿ ಊದಬೇಕು.'

"ಆಗುತ್ತಾ ಒಬ್ದುಲಿಯಾ?" ಎಂದು ಇರಿಯಾ ಪೆನ್ನು ಚಾಚಿದಳು.

"ಆಗದೆ ಏನು! ಮೂಗಿಲ್ವಾ ನಂಗೆ?" ಎಂದು ಅವಳು ಸಹಿ ಹಾಕಿಯೇಬಿಟ್ಟಳು. ಹಾಕುವಾಗ ಇಪ್ಪತ್ತೆರಡು ಜನ ಒಮ್ಮೆಲೇ ತಮ್ಮ ತಮ್ಮ ಬೂಟು ನೋಡಿಕೊಂಡದ್ದು ಅವಳ ಕಣ್ಣಿಗೆ ಬೀಳಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ, ಇನ್ನೂ ಮಂಜು ಹರಿದಿರಲಿಲ್ಲ, ಎವಾರಿಸ್ತೊ ಎಂಬವನ ದೋಣಿ ಕೊಲ್ಲಿಯ ಬಾಯಲ್ಲಿ ಬಂಡೆಗೆ ಬಡಿದು ಅದರ ಡೀಸೆಲ್ ಟ್ಯಾಂಕು ಸೀಳಿತು. ಮನುಷ್ಯ ಈಜಿ ದಡ ಸೇರಿದ. ಡೀಸೆಲ್ಲು ಇಳಿತದಲ್ಲಿ ಉಳಿದಿದ್ದ ನೀರಿನ ಮೇಲೆ ಹರಡುತ್ತ ಹೆಂಗಸರ ಕಡೆಗೆ ಬಂತು. ಮಂಜಿನಲ್ಲಿ ಯಾರಿಗೂ ಅದು ಕಾಣಲಿಲ್ಲ. ಆದರೆ ವಾಸನೆ ಬಂತು.

ಬಗ್ಗಿ ಕೆದಕುತ್ತಿದ್ದ ತಲೆಗಳು ಒಂದೊಂದಾಗಿ ಎದ್ದವು. ಎಲ್ಲರೂ ಒಬ್ದುಲಿಯಾಳನ್ನು ನೋಡಿದರು. ಅವಳು ಮಾತ್ರ ಗುನುಗುತ್ತ, ಸಣ್ಣ ಚಿಪ್ಪುಗಳನ್ನು ಅಳೆದು ಮರಳಿಗೇ ವಾಪಸು ಎಸೆಯುತ್ತಿದ್ದಳು.

"ಏನ್ರೇ, ಸೊಂಟ ಹಿಡ್ಕೊಂಡು ನಿಂತ್ರಿ? ಇನ್ನೂ ಅರ್ಧ ಗಂಟೆ ಇದೆ. ಬಗ್ಗಿ, ಬಗ್ಗಿ!" ಎಂದು ಗದರಿದಳು.

ಒಬ್ಬಳು ಕೆಮ್ಮಿದಳು. ಒಬ್ಬಳು ತೋಳಿನಿಂದ ಮೂಗು ಮುಚ್ಚಿಕೊಂಡಳು. ಯಾರೂ ಕದಲಲಿಲ್ಲ, ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಸಬೇಲಾ ಮರಳು ಕೆದಕುವ ಹಲ್ಲುಗುದ್ದಲಿಯನ್ನು ಎಸೆದು ದಡದತ್ತ ನಡೆದಳು.

"ಸಬೇಲಾ! ಸೀಟಿ ಊದಿದ್ನಾ ನಾನು? ನನ್ನ ಸೊಸೆಯಾಗಿ ನೀನೇ ಹೀಗೆ ಮಾಡಿದ್ರೆ?"

ಸಬೇಲಾ ತಿರುಗಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಅತ್ತೇ, ಡೀಸೆಲ್ಲು! ಕೊಲ್ಲಿಯೆಲ್ಲ ಡೀಸೆಲ್ಲು! ನಿಮ್ಗೆ ವಾಸನೆ ಬರಲ್ಲ ಅಂತ ನಂಗೊತ್ತು! ದಮ್ಮಯ್ಯ, ಊದಿ!"

ಸೀಟಿ ತುಟಿಗೆ ಹೇಗೆ ಬಂತೋ ಒಬ್ದುಲಿಯಾಳಿಗೇ ತಿಳಿಯದು. ಮೂರು ಸಲ ಊದಿದಳು.

ಮುಂದಿನದೆಲ್ಲ ಹಾಳೆಯಲ್ಲಿ ಬರೆದಂತೆಯೇ ನಡೆಯಿತು. ಗಾಳಿ ಬರುವ ಕಡೆಗೆ ನಡೆದರು, ತಲೆ ಎಣಿಸಿದರು, ಇಪ್ಪತ್ತಮೂರು. ಊರಿನ ಗಂಡಸರು ಡೀಸೆಲ್ಲು ದಾಟದಂತೆ ನೀರಿನ ಮೇಲೆ ತೇಲುವ ತಡೆಗೋಡೆ ಎಳೆದು ಮರಿಚಿಪ್ಪುಗಳ ಪಾತಿಯನ್ನು ಕಾಪಾಡಿದರು. ಹೆಂಗಸರು ಮಾಸ್ಕು, ಗವಸು ತೊಟ್ಟು ಮಧ್ಯಾಹ್ನ ದಡ ಒರೆಸಿದರು. ನಾಲ್ಕು ಜನರಿಗೆ ತಲೆನೋವು ಬಂದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಸಂಜೆ ಸಂಘದ ಕೋಣೆಯಲ್ಲಿ ಒಬ್ದುಲಿಯಾ ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟಳು. "ಇಪ್ಪತ್ತು ವರ್ಷದಿಂದ ನಂಗೆ ವಾಸನೆ ತಿಳಿಯಲ್ಲ. ನಿಮ್ಗೆಲ್ಲ ಸುಳ್ಳು ಹೇಳ್ದೆ. ಇವತ್ತು ನಿಮ್ಮನ್ನ ವಿಷದಲ್ಲಿ ನಿಲ್ಲಿಸ್ಬಿಟ್ಟೆ. ತಗೊಳ್ಳಿ."

ಯಾರೂ ತೆಗೆದುಕೊಳ್ಳಲಿಲ್ಲ. ದೋಸಿಂದಾ ಗಂಟಲು ಸರಿಮಾಡಿಕೊಂಡಳು. "ನಂಗೊತ್ತಿತ್ತು ಕಣೇ. ದಿನಾ ನಿನ್ನ ಕಿಟಕಿ ಮುಂದೆ ನಾನೇನು ಗಾಳಿ ಕುಡಿಯೋಕೆ ಬರ್ತೀನಾ? ಮಂಡಿನೋವು ಇಟ್ಕೊಂಡು?"

"ನಿಂಗೂ ಗೊತ್ತಿತ್ತಾ?" ಎಂದು ಮೀನು ಮಾರುವವಳು ಬೆರಗಾದಳು. "ನಂಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ!"

"ನಾನೂ ಹಾಗೇ ಅಂದ್ಕೊಂಡಿದ್ದೆ." "ನಾನೂನೂ."

ಇಪ್ಪತ್ತೆರಡು ಜನರಿಗೂ ಗೊತ್ತಿತ್ತು. ಕೂಗಿದರೆ ಗುಟ್ಟು ರಟ್ಟಾದೀತು, ಒಬ್ದುಲಿಯಾಳ ಸೀಟಿ ಹೋದೀತು ಎಂದು ಒಬ್ಬೊಬ್ಬಳೂ ಉಸಿರು ಬಿಗಿಹಿಡಿದು ನಿಂತಿದ್ದಳು.

ಇರಿಯಾ ತಲೆ ಚಚ್ಚಿಕೊಂಡಳು. "ಏನ್ ಹೆಂಗಸ್ರಪ್ಪಾ ನೀವು! ಇವ್ರ ಮರ್ಯಾದೆ ಉಳಿಸೋಕೆ ಡೀಸೆಲ್ ಕುಡಿದ್ರಾ?" ಆಮೇಲೆ ದನಿ ಇಳಿಸಿ ಒಬ್ದುಲಿಯಾಳ ಪಕ್ಕ ಕೂತಳು. "ಆ ಹಡಗಿನ ಎಣ್ಣೆ ಬಂದಾಗಿಂದ ಅಲ್ವಾ? ಆಗ ಯಾವ ಡಾಕ್ಟರೂ ಬರ್ಕೊಳ್ಲಿಲ್ವಾ?"

"ಕೇಳಿದ್ರೆ ತಾನೇ ಹೇಳೋದು."

ಇರಿಯಾ ಬರೆದುಕೊಂಡಳು. ಅದನ್ನು ನೋಡಿ ದೋಸಿಂದಾ ತನಗೆ ಆಗಿನಿಂದ ಮೆಟ್ಟಿಲು ಹತ್ತಿದರೆ ಉಬ್ಬಸ ಅಂದಳು. ಕೆಮ್ಮೆಲ್ಲ ಹೋಗಿರಲಿಲ್ಲ, ಬಾಗಿಲು ಹಾಕಿಕೊಂಡು ಕೆಮ್ಮುತ್ತಿದ್ದರು ಅಷ್ಟೆ. ಇನ್ನೊಬ್ಬಳು ಪ್ರತಿ ಚಳಿಗಾಲ ಒಡೆಯುವ ಅಂಗೈ ತೋರಿಸಿದಳು. ಇಪ್ಪತ್ತು ವರ್ಷ ಕಾದಿದ್ದ ಮಾತುಗಳು ಸಾಲುಗಟ್ಟಿ ಬಂದವು. ಪೆನ್ನಿನ ಶಾಯಿ ಮುಗಿದು ಇರಿಯಾ ಪೆನ್ಸಿಲ್ ಹುಡುಕಬೇಕಾಯಿತು.

ಕೊನೆಗೆ ಗೋಡೆಯ ಹಾಳೆಯಲ್ಲಿ ಮೊದಲ ಸಾಲು ಹೊಡೆದುಹಾಕಿ ಹೊಸದು ಬರೆದರು: 'ವಾಸನೆ ಯಾರಿಗೆ ಮೊದಲು ಬಂದರೂ ಕೂಗಬೇಕು. ದಾಕ್ಷಿಣ್ಯ ಕೂಡದು. ಸೀಟಿ ಒಬ್ದುಲಿಯಾ ಊದುತ್ತಾಳೆ.' ಸೀಟಿಯನ್ನು ಸಬೇಲಾ ಮೇಜಿನಿಂದ ಎತ್ತಿ ಅತ್ತೆಯ ಕೊರಳಿಗೆ ತಾನೇ ಹಾಕಿದಳು. ಒಬ್ದುಲಿಯಾ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಬೂಟು ನೋಡಿಕೊಳ್ಳಲಿಲ್ಲ.

ನೀರು, ಚಿಪ್ಪುಗಳ ಪರೀಕ್ಷೆ ಮುಗಿದು ಎರಡು ವಾರದ ಮೇಲೆ ಕೊಲ್ಲಿ ಮತ್ತೆ ತೆರೆಯಿತು. ಹೆಂಗಸರು ದಡದಲ್ಲಿ ಸಾಲಾಗಿ ನಿಂತರು. ಒಬ್ದುಲಿಯಾ ಸೀಟಿಯನ್ನು ತುಟಿಯ ತನಕ ತಂದು ನಿಲ್ಲಿಸಿ, ತಿರುಗಿ ಕೇಳಿದಳು, "ಏನ್ ವಾಸನೆ ಇದೆಯಮ್ಮ ಇವತ್ತು?"

ಇಪ್ಪತ್ತೆರಡು ಮೂಗುಗಳು ಮೇಲೆದ್ದವು.

"ಪಾಚಿ," ಎಂದಳೊಬ್ಬಳು. "ಹಸಿ ಪಾಚಿ."

"ಬೇಕರಿಯಿಂದ ಮೆಕ್ಕೆಜೋಳದ ಬ್ರೆಡ್ಡು."

"ನೀಲಗಿರಿ ಎಲೆ, ಅತ್ತೆ. ಗುಡ್ಡದ ಕಡೆ ಮಳೆಯಾಗಿರ್ಬೇಕು."

"ದೋಸಿಂದಾಳ ಬೂಟು!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಒಬ್ದುಲಿಯಾ ಕಣ್ಣು ಮುಚ್ಚಿ ಒಂದೊಂದನ್ನೂ ಕೇಳಿಸಿಕೊಂಡಳು. ಆಮೇಲೆ ಸೀಟಿ ಊದಿದಳು.